ಬಿದಿರುಮೆಳೆಯ ಮುಳ್ಳು

ಕಡಿದ ಕಾಡು ಪುನಃ ಚೇತರಿಸಿಕೊಳ್ಳಬೇಕಾದರೆ ಮನುಷ್ಯನು ಮಾಡಬೇಕಾದುದು ಹೆಚ್ಚೋ, ಬಿಡಬೇಕಾದುದು ಹೆಚ್ಚೋ? ವ್ರತೋಪವಾಸಗಳನ್ನು ಆಚರಿಸುವ ಶ್ರಾವಕ ಬಂಧುಗಳಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಸೀಮೆಯಲ್ಲಿ ಬಿದಿರು ಇದಕ್ಕೆ ತನ್ನದೇ ಸಾಕ್ಷ್ಯವನ್ನು ನುಡಿದಿದೆ.

ಹೆಬ್ಬಿದಿರು ಸುಮಾರು 40-45 ವರ್ಷ ಬಾಳಿ, ಕಾಡಿಗೆ ಕಾಡೇ ಒಮ್ಮೆಗೆ ಹೂತು, ಬೀಜ ಚೆಲ್ಲಿ ಸಾಯುತ್ತದೆ. ಅದು ದೊಡ್ಡ ಆಘಾತವೇ ಸರಿ; ಆದರೂ ಬಿದ್ದ ಬೀಜ ಮಳೆಗೆ ಮೊಳೆತು, ಕಾಲಕ್ರಮದಲ್ಲಿ ಮತ್ತೆ ಮೆಳೆಗಟ್ಟುತ್ತದೆ. ಕತ್ತಿಯ ಏಟನ್ನೂ ಬಿದಿರು ಸಹಿಸಬಲ್ಲದು. ಬಲಿತ ಗಳಗಳನ್ನಷ್ಟೇ ಮಿತವಾಗಿ ಕಡಿದರೆ, ನೆಲದೊಳಗಿನ ಗೆಡ್ಡೆ ಮಳೆಗಾಲದಲ್ಲಿ ಹೊಸ ಕಳಲೆಯನ್ನು ಹೊರಡಿಸುತ್ತದೆ.

1955ರಲ್ಲಿ ಸ್ಥಾಪಿತವಾದ ದಾಂಡೇಲಿಯ ಕಾಗದದ ಕಾರ್ಖಾನೆಗೆ ಈ ಕಾಡುಗಳ ಬಿದಿರು ಕಚ್ಚಾ ಸಾಮಗ್ರಿಯಾಯಿತು. ಎರಡು ದಶಕಗಳಲ್ಲಿ ಬಿದಿರು ಕ್ಷೀಣಿಸಿತು. ಆಗ ವಿಜ್ಞಾನಿ ಮಾಧವ ಗಾಡ್ಗೀಳರು ಸಂಗಡಿಗರೊಂದಿಗೆ ಕಾರಣವನ್ನು ಅರಸಿದರು. ಬುಡದ ಮುಳ್ಳುಹೊದಿಕೆಯನ್ನು ಸವರಿದರೆ ಮೆಳೆ ಒತ್ತೊತ್ತಾಗದೆ ಸೊಗಸಾಗಿ ಬೆಳೆಯುವುದೆಂಬ ನಂಬಿಕೆಯಿಂದ ಅದನ್ನು ತೆಗೆಸಲಾಗುತ್ತಿತ್ತು. ಹಳ್ಳಿಗರು ಇದನ್ನು ಒಪ್ಪಲಿಲ್ಲ. ಮುಳ್ಳು ಹೋದರೆ ಎಳೆಯ ಕಳಲೆ ದನಗಳ ಮತ್ತು ಕಾಡುಪ್ರಾಣಿಗಳ ಬಾಯಿಗೆ ಬೀಳುವುದೆಂದರು. ಪರೀಕ್ಷಿಸಿದಾಗ ಹಳ್ಳಿಗರ ಮಾತೇ ನಿಜವಾಯಿತು. ಮೆಳೆಯು ತನ್ನ ಬೇಲಿಯನ್ನು ತಾನೇ ಕಟ್ಟಿಕೊಂಡಿತ್ತು!

ನಿಷ್ಪ್ರಯೋಜನವಾಗಿ ವನಸ್ಪತಿಯನ್ನು ಕಡಿಯುವುದು ಪ್ರಮಾದಚರ್ಯೆಯೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಮುಳ್ಳು ಸವರಿಸಿದವರಿಗಾದರೋ ಪ್ರಯೋಜನದ ಉದ್ದೇಶವಿತ್ತು. ಆದರೆ ಬಲ್ಲವರನ್ನು ಕೇಳದೆ ಎಸಗಿದ ಉಪಕಾರವನ್ನೂ ಪ್ರಮಾದದಲ್ಲಿಯೇ ಸೇರಿಸಬೇಕೆಂದು ನನಗೆ ತೋರುತ್ತದೆ.

ಹಾಗಾದರೆ ಸುಮ್ಮನೆ ಬಿಟ್ಟುಬಿಡುವುದೇ ಧರ್ಮವೆನ್ನೋಣವೇ? ಇಲ್ಲಿ ಇನ್ನೂ ಕಠಿಣವಾದ ಪ್ರಶ್ನೆ ಎದುರಾಗುತ್ತದೆ: ಬಿಡಬೇಕಾದವರು ಯಾರು? ಕಾರ್ಖಾನೆಗೆ ಸರಕಾರವು ನಾಮಮಾತ್ರದ ಬೆಲೆಗೆ ಬಿದಿರು ಕೊಟ್ಟ ಕಾಲದಲ್ಲಿ, ಬುಟ್ಟಿ ಮೊರ ಹೆಣೆಯುವ ಮೇದರು ಅದಕ್ಕೆ ಎಷ್ಟೋ ಪಾಲು ಅಧಿಕ ಬೆಲೆ ತೆರುತ್ತಿದ್ದರು. ಸ್ವೇಚ್ಛೆಯಿಂದ ತೊರೆದ ಅನ್ನ ಉಪವಾಸವೆನಿಸುತ್ತದೆ; ನೆರೆಯವನ ಎಲೆಯನ್ನು ಎಳೆದು ಅವನಿಗೆ ಉಪವಾಸದ ಪುಣ್ಯ ಬಂತೆಂದರೆ ಯಾರು ಒಪ್ಪುವರು? 1956ರಲ್ಲಿ ಅಭಯಾರಣ್ಯವಾದ ದಾಂಡೇಲಿಯ ಕಾಡು ಇಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗವಾಗಿದೆ. ಅಂಥ ಕಟ್ಟುಪಾಡು ಕಾಡಿಗೆ ಅವಶ್ಯವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೆಚ್ಚು ಉಂಡವನೂ ಕಡಿಮೆ ಉಂಡವನೂ ಸಮನಾಗಿ ಬಿಡಬೇಕೆಂಬುದು ನ್ಯಾಯವಲ್ಲ.

ಕಾಗದಕ್ಕೆ ಈಗ ರೈತರ ಹೊಲಗಳಲ್ಲಿ ಬೆಳೆದ ಸುಬಾಬುಲ್, ಗಾಳಿ, ಅಕೇಶಿಯಾ ಮರಗಳು ಒದಗಿವೆ. ಮೊರ ಹೆಣೆಯುವ ಮೇದರಿಗೆ ಮಾತ್ರ ಆ ಮರಗಳಿಂದ ಸೀಳು ತೆಗೆಯಲು ಬರುವುದಿಲ್ಲ.