ಸರದಿಯ ಧರ್ಮ

ಹೇರಳವಾಗಿ ದೊರೆಯುವ ವಸ್ತುವಿನ ವಿಷಯದಲ್ಲಿ ಧರ್ಮಾಧರ್ಮಗಳ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ತುಂಬಿ ಹರಿಯುವ ಹೊಳೆಯ ದಡದಲ್ಲಿ ಯಾರು ಮೊದಲು ನೀರು ಕುಡಿದರೆಂದು ಯಾರೂ ವಿಚಾರಿಸುವುದಿಲ್ಲ. ಬತ್ತಿದ ಬಾವಿಯ ತಳದಲ್ಲಿ ಒಂದೆರಡು ಕೊಡ ನೀರು ಮಾತ್ರ ಉಳಿದು, ಕಟ್ಟೆಯ ಸುತ್ತ ಊರಿಗೆ ಊರೇ ನೆರೆದಾಗ “ಮೊದಲು ಯಾರಿಗೆ?” ಎಂಬ ಪ್ರಶ್ನೆ ಏಳುತ್ತದೆ. 2021ರ ಜನವರಿಯಲ್ಲಿ ಮಹಾರಾಷ್ಟ್ರ ರಾಜ್ಯವು ಇಂತಹ ಬಾವಿಕಟ್ಟೆಯ ಮುಂದೆ ನಿಂತಿತ್ತು. ಅಂದಿನ ನೀರೆಂದರೆ ಕೊರೊನಾ ಲಸಿಕೆ. ಆ ದಿನಗಳು ಈಗ ಸಂದುಹೋಗಿವೆ. ಆದರೆ ಅಂದು ಎದ್ದ ಪ್ರಶ್ನೆಯು ಸಂದುಹೋಗುವಂಥದ್ದಲ್ಲ. ಆತಂಕವಿಲ್ಲದ ಕಾಲದಲ್ಲಿ ಅದನ್ನು ಸಾವಧಾನವಾಗಿ ವಿಚಾರ ಮಾಡಿಕೊಂಡಿದ್ದರೆ, ಆತಂಕದ ಕಾಲ ಮರಳಿ ಬಂದಾಗ ಬುದ್ಧಿಯು ಕಲಕಲಾರದು.

ಅಂದಿನ ಸ್ಥಿತಿಯನ್ನು ಮೊದಲು ನೆನೆಯೋಣ. 2020ರ ಮಾರ್ಚ್ 9ರಂದು ಪುಣೆಯಲ್ಲಿ ರಾಜ್ಯದ ಮೊದಲ ಸೋಂಕು ಖಚಿತವಾಯಿತು. ಏಪ್ರಿಲ್ 1ರಂದು ಮುಂಬಯಿಯ ಧಾರಾವಿಯಲ್ಲಿ ಮೊದಲ ರೋಗಿಯು ಕಂಡುಬಂದನು. ಸೆಪ್ಟೆಂಬರ್ ತಿಂಗಳಿನಲ್ಲಿ ರಾಜ್ಯದಲ್ಲಿ ಒಂದೇ ದಿನಕ್ಕೆ 20,000ಕ್ಕೂ ಮಿಕ್ಕಿ ಹೊಸ ರೋಗಿಗಳು ಕಂಡುಬಂದ ದಿನಗಳುಂಟು. 2021ರ ಜನವರಿಯ ಹೊತ್ತಿಗೆ ಆ ಸಂಖ್ಯೆಯು ಕೆಲವು ಸಾವಿರಗಳಿಗೆ ಇಳಿದಿತ್ತಾದರೂ, ಒಟ್ಟು ಸೋಂಕಿತರು 20 ಲಕ್ಷದ ಸಮೀಪಕ್ಕೆ ಬಂದಿದ್ದರು. ಮೃತರ ಸಂಖ್ಯೆ 50,000 ದಾಟಿತ್ತು. ದೇಶದ ಬೇರೆ ಯಾವ ರಾಜ್ಯವೂ ಅಷ್ಟು ಜನರನ್ನು ಕಳೆದುಕೊಂಡಿರಲಿಲ್ಲ. ಮುಂಬಯಿಯ ಜೀವನಾಡಿಯಾದ ಲೋಕಲ್ ರೈಲುಗಾಡಿಯು ಎಲ್ಲರಿಗೂ ತೆರೆದದ್ದು ಫೆಬ್ರವರಿ 1ರಂದು. ಅದೂ ಹೊತ್ತಿನ ಕಟ್ಟುಪಾಡಿನೊಂದಿಗೆ.

ಇಂತಹ ಸಮಯದಲ್ಲಿ, ಜನವರಿ 3ರಂದು, ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಎಂಬ ಎರಡು ಲಸಿಕೆಗಳ ತುರ್ತು ಬಳಕೆಗೆ ಅನುಮತಿ ದೊರೆಯಿತು. 12ರ ಮುಂಜಾವದಲ್ಲಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನಿಂದ ಕೋವಿಶೀಲ್ಡ್ ತುಂಬಿದ ಶೀತಲ ವಾಹನಗಳು ಹೊರಟವು. ಮಹಾರಾಷ್ಟ್ರದ ಪಾಲಿಗೆ ಮೊದಲ ಕಂತಿನಲ್ಲಿ ಬಂದದ್ದು ಸುಮಾರು 9.6 ಲಕ್ಷ ಡೋಸುಗಳು. 2011ರ ಜನಗಣತಿಯಂತೆಯೇ ರಾಜ್ಯದ ಜನಸಂಖ್ಯೆ 11 ಕೋಟಿಗೂ ಹೆಚ್ಚು. ಒಬ್ಬೊಬ್ಬರಿಗೆ ಎರಡು ಡೋಸು ಬೇಕೆಂದು ಲೆಕ್ಕ ಹಾಕಿದರೆ, ಇನ್ನೂರು ಮಂದಿಯಲ್ಲಿ ಒಬ್ಬರಿಗೂ ಅದು ಸಾಲದು. ಲಸಿಕೆಯು ತಯಾರಾದ ಪುಣೆಯ ನಿವಾಸಿಗಳಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಬಾವಿ ತಮ್ಮೂರಿನಲ್ಲಿದ್ದರೂ ಕೊಡ ಹಿಡಿದು ಕಾಯಬೇಕಾಯಿತು.

ಹಾಗಾದರೆ ಮೊದಲು ಯಾರಿಗೆ? ಹಣ ತೆತ್ತವರಿಗೆ ಎಂಬುದು ಪೇಟೆಯ ಉತ್ತರ. ಅಧಿಕಾರವುಳ್ಳವರಿಗೆ ಎಂಬುದು ಆಸ್ಥಾನದ ಉತ್ತರ. ಮೊದಲು ಬಂದು ನಿಂತವರಿಗೆ ಎಂಬುದು ಸುಲಭವಾಗಿ ತೋರುವ ಉತ್ತರ. ಈ ಮೂರನ್ನೂ ಬಿಟ್ಟು, ಆಸ್ಪತ್ರೆಗಳಲ್ಲಿ ದುಡಿಯುವವರಿಗೆ ಮೊದಲು, ಅನಂತರ ಪೊಲೀಸರು, ಪೌರಕಾರ್ಮಿಕರು ಮೊದಲಾದವರಿಗೆ, ಆಮೇಲೆ ವೃದ್ಧರಿಗೂ ರೋಗಪೀಡಿತರಿಗೂ ಎಂಬ ಕ್ರಮವು ನಿಗದಿಯಾಯಿತು. ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಜನವರಿ 16ರಂದು ಮೊದಲ ಲಸಿಕೆಯನ್ನು ಪಡೆದವನು ಒಬ್ಬ ಸ್ವಚ್ಛತಾ ಕೆಲಸಗಾರ. ದೊಡ್ಡ ವೈದ್ಯರಾಗಲಿ, ಮಂತ್ರಿಗಳಾಗಲಿ ಅವನ ಮುಂದೆ ಇರಲಿಲ್ಲ.

ಈ ಕ್ರಮದ ಮರ್ಮವನ್ನು ತಿಳಿಯಲು ನಮಗೆ ದೂರ ಹೋಗಬೇಕಾಗಿಲ್ಲ. ಮಠದ ಭೋಜನಶಾಲೆಯಲ್ಲಿ ಸಾವಿರ ಜನರ ಪಂಕ್ತಿ ಕುಳಿತಾಗ ಬಡಿಸುವವರು ಕೊನೆಗೆ ಉಣ್ಣುತ್ತಾರೆ. ಅವರು ಮೊದಲೇ ಎಲೆಯ ಮುಂದೆ ಕುಳಿತರೆ ಪಂಕ್ತಿಯು ಹಸಿದು ಕುಳಿತಿರಬೇಕಾಗುತ್ತದೆ. ಲಸಿಕೆಯ ಪಂಕ್ತಿಯಲ್ಲಿ ಇದು ತಿರುವುಮುರುವಾಯಿತು. ಬಡಿಸುವವರಿಗೇ ಮೊದಲು ಕೊಡಲಾಯಿತು. ಏಕೆಂದರೆ ದಾದಿಯೊಬ್ಬಳು ಹಾಸಿಗೆ ಹಿಡಿದರೆ ಅವಳ ಆರೈಕೆಯಲ್ಲಿದ್ದ ರೋಗಿಗಳೆಲ್ಲ ಅನಾಥರಾಗುತ್ತಾರೆ. ಒಂದು ಕಡೆ ಕೊನೆಯ ಸ್ಥಾನ, ಇನ್ನೊಂದು ಕಡೆ ಮೊದಲ ಸ್ಥಾನ. ಆದರೆ ಎರಡರ ಉದ್ದೇಶವೂ ಒಂದೇ. ಪಂಕ್ತಿಯು ಮುರಿಯಬಾರದು, ಯಾರೂ ಹಸಿದು ಏಳಬಾರದು. ಆದುದರಿಂದ ಮೊದಲ ಸ್ಥಾನವು ಸನ್ಮಾನವೂ ಅಲ್ಲ, ಬಹುಮಾನವೂ ಅಲ್ಲ. ಅದು ಹೊತ್ತ ಕೆಲಸದೊಂದಿಗೆ ಬಂದ ಹೊಣೆ.

ಇಲ್ಲಿ ‘ತಾರತಮ್ಯ’ ಎಂಬ ಶಬ್ದವನ್ನು ಸ್ವಲ್ಪ ವಿಚಾರ ಮಾಡಬೇಕು. ಇಂದಿನ ಪತ್ರಿಕೆಗಳಲ್ಲಿ ಈ ಶಬ್ದವು ಪಕ್ಷಪಾತವೆಂಬ ಅರ್ಥದಲ್ಲಿ ಬಳಕೆಯಾಗುತ್ತದೆ. ಆದರೆ ನಮ್ಮ ಸಿದ್ಧಾಂತದ ಪರಿಚಯವುಳ್ಳವರಿಗೆ ಅದರ ಮೂಲಾರ್ಥ ಗೊತ್ತು. ವಸ್ತುಗಳಲ್ಲಿಯೂ ಜೀವರಲ್ಲಿಯೂ ನಿಜವಾಗಿಯೇ ಇರುವ ಭೇದವನ್ನು ಇದ್ದಂತೆಯೇ ಗುರುತಿಸುವುದು ತಾರತಮ್ಯ. ಇಲ್ಲದ ಭೇದವನ್ನು ಸ್ವಾರ್ಥಕ್ಕಾಗಿ ಕಲ್ಪಿಸುವುದು ಪಕ್ಷಪಾತ. ರೋಗಿಯ ಉಸಿರಿಗೆ ಎದುರಾಗಿ ನಿಲ್ಲುವವನಿಗೂ, ಮನೆಯೊಳಗೆ ಬಾಗಿಲು ಹಾಕಿಕೊಂಡಿರಬಲ್ಲವನಿಗೂ ಇರುವ ಭೇದ ನಿಜವಾದದ್ದು. ಎಪ್ಪತ್ತರ ವೃದ್ಧನಿಗೂ ಇಪ್ಪತ್ತರ ಯುವಕನಿಗೂ ಇರುವ ಅಪಾಯದ ಭೇದವೂ ನಿಜವಾದದ್ದು. ಬಂಗಲೆಗೂ ಚಾಳಿಗೂ ಇರುವ ಭೇದ ಮಾತ್ರ ಇಲ್ಲಿ ಲೆಕ್ಕಕ್ಕೆ ಬರತಕ್ಕದ್ದಲ್ಲ. ಎಲ್ಲರನ್ನೂ ಒಂದೇ ಎಂದು ಎಣಿಸಿ ಚೀಟಿ ಎತ್ತಿ ಲಸಿಕೆ ಹಂಚಿದ್ದರೆ ಅದು ಸಮತೆಯಂತೆ ಕಾಣುತ್ತಿತ್ತು, ಆದರೆ ನ್ಯಾಯವಾಗುತ್ತಿರಲಿಲ್ಲ. ದಾನದ ವಿಷಯದಲ್ಲಿ ದೇಶ, ಕಾಲ, ಪಾತ್ರಗಳನ್ನು ನೋಡಬೇಕೆಂದು ಹಿರಿಯರು ಹೇಳಿದ್ದರ ತಾತ್ಪರ್ಯವೂ ಇದೇ.

ಇದಕ್ಕೆ ಒಂದು ಬಲವಾದ ಆಕ್ಷೇಪವುಂಟು. “ನಮ್ಮ ಮನೆಯಲ್ಲಿ ಎಂಬತ್ತು ವರ್ಷದ ತಂದೆಯವರಿದ್ದಾರೆ, ಮಧುಮೇಹವೂ ಇದೆ. ಆರೋಗ್ಯವಂತನಾದ ಇಪ್ಪತ್ತೈದರ ಆಸ್ಪತ್ರೆ ನೌಕರನು ಜನವರಿಯಲ್ಲಿಯೇ ಲಸಿಕೆ ಪಡೆಯುವಾಗ ಇವರು ಮಾರ್ಚ್ 1ರವರೆಗೆ ಏಕೆ ಕಾಯಬೇಕು?” ಈ ಮಾತನ್ನು ತಳ್ಳಿಹಾಕುವಂತಿಲ್ಲ. ಈ ರೋಗದಿಂದ ಹೆಚ್ಚಾಗಿ ಮಡಿದವರು ವಯಸ್ಸಾದವರೇ. 2020ರ ಡಿಸೆಂಬರ್ 8ರಂದು ಲಸಿಕೆ ನೀಡಲು ತೊಡಗಿದ ಬ್ರಿಟನ್ ದೇಶವು ವೃದ್ಧಾಶ್ರಮವಾಸಿಗಳನ್ನೂ ಎಂಬತ್ತು ದಾಟಿದವರನ್ನೂ ಪಟ್ಟಿಯ ತುದಿಯಲ್ಲಿಯೇ ಇಟ್ಟಿತ್ತು. ಅಲ್ಲಿ ಮೊದಲ ಲಸಿಕೆ ಪಡೆದವರು ತೊಂಬತ್ತು ವರ್ಷದ ಒಬ್ಬ ವೃದ್ಧೆ. ಆದುದರಿಂದ ಸರದಿಯ ಕ್ರಮವು ಅಪೌರುಷೇಯವಲ್ಲ. ಮನುಷ್ಯರು ತಮ್ಮ ಬುದ್ಧಿಗೆ ತೋಚಿದಂತೆ ಮಾಡಿದ ವ್ಯವಸ್ಥೆ. ವಿವೇಕಿಗಳು ಅದರ ವಿಷಯದಲ್ಲಿ ಭಿನ್ನಾಭಿಪ್ರಾಯ ಹೊಂದಬಹುದು. ಅದನ್ನು ಬಹಿರಂಗವಾಗಿ ವಾದಿಸಲೂಬಹುದು. ಆದರೆ ಕ್ರಮವು ಬದಲಾಗಬೇಕೆಂದು ವಾದಿಸುವುದು ಬೇರೆ. ತನ್ನ ಮಟ್ಟಿಗೆ ಮಾತ್ರ ಗುಟ್ಟಾಗಿ ಬದಲಾಯಿಸಿಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ತನ್ನ ತಂದೆಯಂತಿರುವ ಎಲ್ಲ ತಂದೆಯರ ಚಿಂತೆಯಿದೆ. ಎರಡನೆಯದರಲ್ಲಿ ತನ್ನ ತಂದೆಯೊಬ್ಬರ ಚಿಂತೆ ಮಾತ್ರ ಇದೆ.

ಈ ಎರಡನೆಯ ದಾರಿಯನ್ನು ಹಿಡಿದವರು ಅಲ್ಪಸಂಖ್ಯಾತರಾಗಿರಲಿಲ್ಲವೆಂಬುದಕ್ಕೆ ಸರ್ಕಾರದ ಕಾಗದವೇ ಸಾಕ್ಷಿ. ಅನರ್ಹರ ಹೆಸರುಗಳು ಆರೋಗ್ಯ ಕಾರ್ಯಕರ್ತರ ಪಟ್ಟಿಯಲ್ಲಿ ಸೇರುತ್ತಿವೆಯೆಂಬ ಕಾರಣದಿಂದ 2021ರ ಏಪ್ರಿಲ್ 3ರಂದು ಕೇಂದ್ರ ಆರೋಗ್ಯ ಇಲಾಖೆಯು ಆ ವರ್ಗದಲ್ಲಿ ಹೊಸ ನೋಂದಣಿಯನ್ನೇ ನಿಲ್ಲಿಸಬೇಕಾಯಿತು. ಹೀಗೆ ನುಸುಳಿದವರು ಸಾಮಾನ್ಯವಾಗಿ ಕೊಡುವ ಸಮಾಧಾನವೆಂದರೆ ಆಪದ್ಧರ್ಮ: “ಪ್ರಾಣಸಂಕಟದಲ್ಲಿ ಎಲ್ಲವೂ ಸಲ್ಲುತ್ತದೆ.” ಆದರೆ ಆಪದ್ಧರ್ಮವು ತನ್ನ ನಿಯಮವನ್ನು ತಾನು ಸಡಿಲಿಸಿಕೊಳ್ಳಲು ಕೊಟ್ಟ ಅನುಮತಿ. ಪ್ರಾಣ ಉಳಿಸಿಕೊಳ್ಳಲು ಮಡಿಯನ್ನು ಬಿಡಬಹುದು, ವ್ರತವನ್ನು ಬಿಡಬಹುದು. ಇನ್ನೊಬ್ಬನ ಕೈಯಲ್ಲಿರುವ ತುತ್ತನ್ನು ಕಸಿದುಕೊಳ್ಳಲು ಅದು ಅನುಮತಿಯಲ್ಲ. ಅವನ ಆಪತ್ತು ನಮ್ಮ ಆಪತ್ತಿಗಿಂತ ದೊಡ್ಡದೆಂದು ಗೊತ್ತಾದ ಮೇಲಂತೂ ಅಲ್ಲವೇ ಅಲ್ಲ.

ಇದು ಸರದಿಯ ಒಂದು ದೋಷ. ಇದಕ್ಕೆ ವಿರುದ್ಧವಾಗಿ ಕಾಣುವ ಇನ್ನೊಂದು ದೋಷವುಂಟು. ಅದರ ಕಡೆ ನಾವು ಅಷ್ಟಾಗಿ ಲಕ್ಷ್ಯ ಕೊಡುವುದಿಲ್ಲ. ಜನವರಿ 16ರಂದು ಮಹಾರಾಷ್ಟ್ರದ 285 ಕೇಂದ್ರಗಳಲ್ಲಿ ತಲಾ ನೂರರಂತೆ 28,500 ಮಂದಿಗೆ ಲಸಿಕೆ ಕೊಡುವ ಸಿದ್ಧತೆಯಿತ್ತು. ಪಡೆದವರು ಸುಮಾರು 18,000. ಹೆಸರು ನೋಂದಾಯಿಸುವ ಕೋವಿನ್ ಎಂಬ ಗಣಕಯಂತ್ರ ವ್ಯವಸ್ಥೆಯ ತೊಡಕು ಇದಕ್ಕೆ ಒಂದು ಕಾರಣ. ಆ ತೊಡಕಿನಿಂದಲೇ ಮರುದಿನ ಕೆಲಸವನ್ನು ನಿಲ್ಲಿಸಬೇಕಾಯಿತು. ಆದರೆ ಸರದಿ ಬಂದರೂ “ಬೇರೆಯವರಿಗೆ ಏನಾಗುತ್ತದೋ ನೋಡಿ ಆಮೇಲೆ ಹೋಗೋಣ” ಎಂದು ಹಿಂದೆ ಸರಿದವರೂ ಇದ್ದರು. ಹೊಸ ಔಷಧದ ವಿಷಯದಲ್ಲಿ ಸಂದೇಹ ತಪ್ಪಲ್ಲ. ವೈದ್ಯರನ್ನು ಕೇಳಿ ತಿಳಿದುಕೊಳ್ಳಬೇಕು. ಆದರೆ ಪ್ರತಿಯೊಬ್ಬನೂ ಇನ್ನೊಬ್ಬನು ಮೊದಲಾಗಲಿ ಎಂದು ಕಾದರೆ ಮೊದಲಾಗುವವರು ಯಾರು? ಮುನ್ನುಗ್ಗಿದವನು ಇನ್ನೊಬ್ಬನ ಪಾಲಿನ ರಕ್ಷಣೆಯನ್ನು ಕಸಿದನು. ಹಿಂದೆ ನಿಂತವನು ತನ್ನ ಪಾಲಿನ ಭಾರವನ್ನು ಇನ್ನೊಬ್ಬನ ಹೆಗಲಿಗೆ ಹಾಕಿದನು. ಲಸಿಕೆಯು ಕೇವಲ ತನ್ನೊಬ್ಬನ ದೇಹಕ್ಕೆ ಸಂಬಂಧಿಸಿದ್ದು ಎಂಬ ಒಂದೇ ಭ್ರಾಂತಿಯಿಂದ ಈ ಎರಡು ದೋಷಗಳೂ ಹುಟ್ಟುತ್ತವೆ.

ಮುಂಬಯಿ ನಗರಕ್ಕೆ ಈ ವಿಷಯದಲ್ಲಿ ಒಂದು ಹಳೆಯ ನೆನಪಿದೆ. 1896ರಲ್ಲಿ ಇಲ್ಲಿ ಪ್ಲೇಗು ತಲೆದೋರಿದಾಗ, ಗ್ರಾಂಟ್ ವೈದ್ಯಕೀಯ ಕಾಲೇಜಿನ ಪುಟ್ಟ ಪ್ರಯೋಗಶಾಲೆಯಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯು ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದನು. 1897ರ ಜನವರಿ 10ರಂದು ಅದನ್ನು ಮೊದಲು ಚುಚ್ಚಿಸಿಕೊಂಡವನು ಅವನೇ. ಅದೇ ತಿಂಗಳ ಕೊನೆಯಲ್ಲಿ ಬೈಕಲಾ ಸೆರೆಮನೆಯಲ್ಲಿ ಪ್ಲೇಗು ಹರಡಿದಾಗ, ಒಪ್ಪಿದ ಕೈದಿಗಳಿಗೆ ಆ ಲಸಿಕೆಯನ್ನು ಕೊಡಲಾಯಿತು. ಪರೇಲಿನಲ್ಲಿ ಅವನ ಹೆಸರಿನ ಸಂಸ್ಥೆ ಇಂದಿಗೂ ಇದೆ. ಈ ವೃತ್ತಾಂತದಲ್ಲಿ ಎರಡು ಬಗೆಯ ‘ಮೊದಲು’ಗಳಿವೆ. ಹಾಫ್‌ಕಿನ್‌ನು ತಿಳಿದು, ತಾನಾಗಿ ಮುಂದೆ ನಿಂತನು. ಕೈದಿಗಳು ಒಪ್ಪಿದ್ದರೆಂಬುದು ನಿಜವಾದರೂ, ಸರಳುಗಳ ಹಿಂದಿರುವವನ ಒಪ್ಪಿಗೆಯು ಎಷ್ಟರ ಮಟ್ಟಿಗೆ ಸ್ವತಂತ್ರವೆಂದು ಕೇಳದಿರಲು ಸಾಧ್ಯವಿಲ್ಲ. ಬಲವುಳ್ಳವರು ಅಪಾಯದಲ್ಲಿ ಹಿಂದೆ, ಲಾಭದಲ್ಲಿ ಮುಂದೆ ನಿಲ್ಲುವ ಸಮಾಜದಲ್ಲಿ ಸರದಿಯು ಹೆಸರಿಗೆ ಮಾತ್ರ ಇರುತ್ತದೆ.

ನಿಯಮವನ್ನು ಪಾಲಿಸುವುದೆಂದರೆ ಅದರ ಅಕ್ಷರಕ್ಕೆ ಜೋತುಬೀಳುವುದೇ? ಕೋವಿಶೀಲ್ಡಿನ ಒಂದು ಸೀಸೆಯಲ್ಲಿ ಹತ್ತು ಡೋಸು. ತೆರೆದ ಸೀಸೆಯನ್ನು ನಾಲ್ಕು ಗಂಟೆಗಳೊಳಗೆ ಮುಗಿಸಬೇಕು; ಉಳಿದದ್ದನ್ನು ಚೆಲ್ಲಬೇಕು. ಸಂಜೆಯ ಹೊತ್ತು ಏಳು ಮಂದಿ ಮಾತ್ರ ಬಂದಿದ್ದರೆ ಮಿಕ್ಕ ಮೂರು ಡೋಸುಗಳ ಗತಿಯೇನು? ಅರ್ಹರನ್ನು ಹುಡುಕಿ ಕರೆದು, ಯಾರೂ ಸಿಗದಿದ್ದಾಗ ಬಾಗಿಲ ಬಳಿ ಇದ್ದವನಿಗೆ ಅದನ್ನು ಕೊಟ್ಟರೆ ಯಾರ ಪಾಲನ್ನೂ ಕಸಿದಂತಾಗಲಿಲ್ಲ. ಚೆಲ್ಲುವುದೇ ಅಲ್ಲಿ ಅನ್ಯಾಯ. ಆದರೆ ಬೇಕಾದವರನ್ನು ಬಾಗಿಲ ಬಳಿ ಮೊದಲೇ ನಿಲ್ಲಿಸಿಕೊಂಡು, ಸೀಸೆಯನ್ನು ಸಂಜೆಗೆಂದೇ ತೆರೆದರೆ, ಅದೇ ಕೃತ್ಯವು ಕಪಟವಾಗುತ್ತದೆ. ಹೊರಗಿನ ಕ್ರಿಯೆ ಎರಡರಲ್ಲೂ ಒಂದೇ. ಅಂತರಂಗವನ್ನು ಬಲ್ಲವನಿಗೆ ಮಾತ್ರ ಭೇದ ತಿಳಿಯುತ್ತದೆ. ಆ ಬಲ್ಲವರಲ್ಲಿ ಮಾಡಿದವನೂ ಒಬ್ಬ.

ನಗರವಾಸಿಗಳಾದ ನಾವು ವಿಶೇಷವಾಗಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. 2021ರ ಮೇ ತಿಂಗಳಲ್ಲಿ 18ರಿಂದ 44 ವರ್ಷದವರಿಗೆ ಲಸಿಕೆ ತೆರೆದಾಗ, ಮೊದಲ ಕೆಲವು ವಾರಗಳು ಹೆಸರು ಹಚ್ಚುವ ಅವಕಾಶವು ಅಂತರ್ಜಾಲದಲ್ಲಿ ಮಾತ್ರ ಇತ್ತು. ಮುಂಬಯಿ, ಪುಣೆಗಳ ಜನರು ಸುತ್ತಲಿನ ಹಳ್ಳಿಗಳ ಕೇಂದ್ರಗಳಲ್ಲಿ ಸ್ಥಾನ ಕಾದಿರಿಸಿ ವಾಹನಗಳಲ್ಲಿ ಹೋಗಿ ಪಡೆದುಬಂದರು. ಹಳ್ಳಿಯ ಕೃಷಿಕನು ತನ್ನೂರಿನ ಆರೋಗ್ಯ ಕೇಂದ್ರದ ಮುಂದೆ ನಿಂತು ನೋಡುತ್ತಿದ್ದನು. ಯಾವ ನಿಯಮವೂ ಮುರಿಯಲಿಲ್ಲ, ಸುಳ್ಳು ಹೇಳಲಿಲ್ಲ, ಲಂಚ ಕೊಡಲಿಲ್ಲ. ಆದರೂ ಬೆರಳಿನ ಚುರುಕು, ವಾಹನದ ಸೌಕರ್ಯ ಇವು ಅಪಾಯದ ಪ್ರಮಾಣವನ್ನು ಮೀರಿಸಿ ಸರದಿಯನ್ನು ನಿರ್ಣಯಿಸಿದವು. ಕಾನೂನಿನ ಕಣ್ಣಿಗೆ ಬೀಳದ ಇಂತಹ ಮುನ್ನುಗ್ಗುವಿಕೆಯನ್ನು ತಡೆಯತಕ್ಕದ್ದು ಧರ್ಮಬುದ್ಧಿಯೊಂದೇ. ನಿಯಮವು ತೆರೆದಿಟ್ಟ ಬಾಗಿಲುಗಳೆಲ್ಲ ನಮಗಾಗಿಯೇ ತೆರೆದಿವೆಯೆಂದು ತಿಳಿಯಬಾರದು.

ಆ ವರ್ಷದ ಏಪ್ರಿಲ್ 18ರಂದು ಮಹಾರಾಷ್ಟ್ರದಲ್ಲಿ ಒಂದೇ ದಿನ 68,000ಕ್ಕೂ ಹೆಚ್ಚು ಹೊಸ ರೋಗಿಗಳು ಕಂಡುಬಂದರು. ಎರಡನೆಯ ಅಲೆಯು ಯಾರ ಸರದಿಯನ್ನೂ ಕೇಳಲಿಲ್ಲ. ಆ ಹೊತ್ತಿನಲ್ಲಿ ಹಾಸಿಗೆಗಾಗಿ, ಪ್ರಾಣವಾಯುವಿಗಾಗಿ ಪರದಾಡಿದ ಮನೆಗಳು ನಮ್ಮ ವಾಚಕರಲ್ಲಿಯೂ ಇವೆ. ಅಂದು ವಾರ್ಡಿನಲ್ಲಿ ನಿಂತು ದುಡಿಯಬಲ್ಲವರಾಗಿದ್ದ ದಾದಿಯರು, ವೈದ್ಯರು, ಕಸ ಗುಡಿಸುವವರಲ್ಲಿ ಬಹುಮಂದಿ ಜನವರಿ, ಫೆಬ್ರವರಿಗಳಲ್ಲಿ ಲಸಿಕೆ ಪಡೆದಿದ್ದವರು. ನಾವು ಕಾದ ದಿನಗಳು ವ್ಯರ್ಥವಾಗಲಿಲ್ಲ. ಅವು ಅವರ ತೋಳುಗಳ ಮೂಲಕ ನಮ್ಮವರ ಹಾಸಿಗೆಯ ಬಳಿಗೇ ಬಂದವು.

ಮತ್ತೊಮ್ಮೆ ಬಾವಿ ಬತ್ತಿದಾಗ “ನಮ್ಮ ಸರದಿ ಯಾವಾಗ?” ಎಂದು ಕೇಳುವ ಮೊದಲು “ನಮಗಿಂತ ಮೊದಲು ಯಾರಿಗೆ ಬೇಕಾಗಿದೆ?” ಎಂದು ಕೇಳುವ ಅಭ್ಯಾಸವಾಗಲಿ. ಉತ್ತರವು “ನಿಮಗೇ” ಎಂದು ಬಂದರೆ ಹಿಂಜರಿಯದೆ ಮುಂದೆ ಹೋಗುವ ಧೈರ್ಯವೂ, “ಅವರಿಗೆ” ಎಂದು ಬಂದರೆ ದಾರಿ ಬಿಟ್ಟು ನಿಲ್ಲುವ ಸಹನೆಯೂ ನಮಗಿರಲಿ.