ಕುಡಿತ ಬಿಡಿಸೋದು ಪ್ರಾರ್ಥನೆಯೋ, ಆಸ್ಪತ್ರೆಯೋ?



ಯಲವಿಗಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹುಬ್ಬಳ್ಳಿಗೋ ಬೆಂಗಳೂರಿಗೋ ದುಡಿಯಲು ಹೋದವರು ಊರಿಗೆ ಬಂದಾಗ ನನ್ನನ್ನು ಒಂದು ಪ್ರಶ್ನೆ ಕೇಳ್ತಾರ. "ಪಾಸ್ಟರ್, ಅಪ್ಪನ ಕುಡಿತ ಬಿಡಿಸಾಕ ಆಸ್ಪತ್ರೆಗೆ ಕರ್ಕೊಂಡು ಹೋದ್ರ ಅದು ಅವಿಶ್ವಾಸ ಆಗ್ತದೇನ್ರಿ?"

ಮೊದಲು ಒಂದು ಮಾತು. ಕುಡಿದು ಮತ್ತರಾಗುವುದು ಪಾಪ, ಎಫೆಸ 5:18ನ್ನು ನಾನು ಸಡಿಲ ಮಾಡೋದಿಲ್ಲ. ಆದರೆ ಮೊದಲ ಗ್ಲಾಸು ಎತ್ತಿದ ಕೈ ಬೇರೆ, ಇಪ್ಪತ್ತು ವರ್ಷದ ನಂತರ ಬೆಳಿಗ್ಗೆ ಎದ್ದ ಕೂಡಲೇ ನಡುಗುವ ಕೈ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಹಾಗಂತ ಅವನ ಜವಾಬ್ದಾರಿ ಮುಗಿಯಿತೇ? ಇಲ್ಲ. ಈಗ ಅದರ ರೂಪ ಬೇರೆ: "ನನ್ನ ಕೈಲಿ ಆಗ್ತಿಲ್ಲ, ಕರ್ಕೊಂಡು ಹೋಗ್ರಿ" ಅನ್ನುವಷ್ಟು ತಗ್ಗುವುದು.

ಈಗ ಗಮನವಿಟ್ಟು ಕೇಳ್ರಿ. ವರ್ಷಗಟ್ಟಲೆ ದಿನಾ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮಿದುಳು ಕೆರಳುತ್ತದೆ. ಮೊದಲು ನಡುಕ, ಬೆವರು, ನಿದ್ದೆ ಇಲ್ಲ. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ, ಮೂರನೆಯ ದಿನ ಕೆಲವರಿಗೆ ಇಲ್ಲದ ಹುಳ ಕಾಣುತ್ತವೆ, ಇಲ್ಲದ ದನಿ ಕೇಳುತ್ತವೆ, ಹೆಂಡತಿ ಮಕ್ಕಳ ಗುರುತೂ ಹತ್ತುವುದಿಲ್ಲ. ನೋಡಿದವರು ದೆವ್ವ ಅಂತಾರ. ಅವನನ್ನು ಹಿಡಿದು ಕೂರಿಸಿ, ಅನ್ನ ನೀರು ಬಿಡಿಸಿ, ಉಪವಾಸ ಪ್ರಾರ್ಥನೆ ಶುರು ಮಾಡ್ತಾರ. ಕುಡಿತದವನ ದೇಹದಲ್ಲಿ ಬಿ1 ಜೀವಸತ್ವ ಮೊದಲೇ ಕಡಿಮೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಉಪವಾಸ ನಾವು ಮಾಡೋಣ. ಅವನಿಗೆ ಊಟ ಕೊಡ್ರಿ, ಡಾಕ್ಟರ್ ಹತ್ತಿರ ಕರೆದೊಯ್ರಿ.

1 ತಿಮೊಥೆಯ 5:23 ತೋರಿಸಿ "ಪೌಲನೇ ಸ್ವಲ್ಪ ಕುಡಿ ಅಂದಾನಲ್ರಿ" ಅನ್ನುವ ಬುದ್ಧಿವಂತರು ನಿಮ್ಮಲ್ಲೂ ಇದ್ದಾರೆ. ಅಲ್ಲಿ ಪೌಲ ಪಾರ್ಟಿಗೆ ಪರವಾನಗಿ ಕೊಡಲಿಲ್ಲ, ಹೊಟ್ಟೆನೋವಿಗೆ ಔಷಧಿ ಹೇಳಿದ. ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಅಪೊಸ್ತಲನೇ ತಿಮೊಥೆಯನಿಗೆ ಔಷಧಿ ಹೇಳುವಾಗ ನಾಚಲಿಲ್ಲ.

2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಪಾಕೀಟು ಹೋಯಿತು, ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕು ಬಂತು. ಕಾನೂನು ಒಂದು ಬಾಗಿಲು ಮುಚ್ಚಿತು ಅಷ್ಟೇ, ದಾಹ ಹಾಗೇ ಉಳಿಯಿತು. ಆ ದಾಹದ ಜೊತೆ ಹೋರಾಡಲು ಜನ ಬೇಕು.

ಲೂಕ 10ರ ಸಮಾರ್ಯದವನನ್ನು ನೋಡ್ರಿ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಚ್ಚಿದ, ಕಟ್ಟಿದ, ತನ್ನ ಪಶುವಿನ ಮೇಲೆ ಕೂರಿಸಿ ಚತ್ರಕ್ಕೆ ಒಯ್ದ, ಹಣ ಕೊಟ್ಟ. ನನ್ನನ್ನು ಹಿಡಿದಿಡುವುದು ಅವನ ಕೊನೇ ಮಾತು: ಇನ್ನೂ ಖರ್ಚಾದರೆ ತಿರುಗಿ ಬಂದು ಕೊಡ್ತೀನಿ ಅಂದ. ಒಂದೇ ಸಲಕ್ಕೆ ವಾಸಿಯಾಗ್ತದ ಅಂತ ಅವನು ಲೆಕ್ಕ ಹಾಕಲಿಲ್ಲ. ನಮ್ಮ ಸಭೆಗಳಲ್ಲೋ, ಬಿಡುಗಡೆಯ ಸಾಕ್ಷಿ ಹೇಳಿದವನು ಮೂರು ತಿಂಗಳಿಗೆ ಮತ್ತೆ ಬಿದ್ದರೆ ಅವನ ಮನೆಯ ಕಡೆ ಯಾರೂ ಹೋಗುವುದಿಲ್ಲ. ಬಿದ್ದವನಿಗಿಂತ ಹೋಗದವರ ಬಗ್ಗೆಯೇ ನನಗೆ ಭಯ.

ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ. ಫೋನಿನಲ್ಲಿ ಕೇಳುವುದಾದರೆ ಸರ್ಕಾರದ ಟೆಲಿ ಮಾನಸ್, 14416, ದುಡ್ಡಿಲ್ಲ. ಗಾಂಜಾ, ಮಾತ್ರೆಗೆ ಸಿಕ್ಕಿಕೊಂಡವರೂ ಕರೆ ಮಾಡಬಹುದು.

ಈಗ ಎದ್ದು ನಿಲ್ಲೋಣ. ಮನೆಯಲ್ಲಿ ಇಂಥ ಕಷ್ಟ ಇದ್ದವರು ಹೆಸರು ಹೇಳೋದು ಬೇಡ, ಕೈ ಎತ್ರಿ, ಪ್ರಾರ್ಥಿಸೋಣ. ಮುಗಿದ ಮೇಲೆ ಐದು ನಿಮಿಷ ಹೋಗಬೇಡ್ರಿ. ಯಾರ ಜೊತೆ ಯಾರು ಧಾರವಾಡಕ್ಕೆ ಹೋಗೋದು ಅಂತ ಮಾತಾಡೋದದ.