ದಾರಿ ಹೇಳುವುದು, ದಾರಿ ಕಲಿಸುವುದು



ಅಪರಿಚಿತ ಊರಿನಲ್ಲಿ ದಾರಿ ಕೇಳಿದರೆ, "ಅರಳೀಕಟ್ಟೆ ದಾಟಿ, ಹಳೆಯ ಶಾಲೆಯ ಪಕ್ಕದಲ್ಲಿ ತಿರುಗಿ" ಎನ್ನುತ್ತಾರೆ. ಕೈಯಲ್ಲಿರುವ ಮೊಬೈಲಾದರೋ "ಇನ್ನೂರು ಮೀಟರಿನ ನಂತರ ಬಲಕ್ಕೆ ತಿರುಗಿ" ಎನ್ನುತ್ತದೆ. ಎರಡೂ ನಮ್ಮನ್ನು ಗುರಿ ಮುಟ್ಟಿಸುತ್ತವೆ. ಆದರೆ ಎರಡರಿಂದಲೂ ನಾವು ದಾರಿಯನ್ನು ಕಲಿಯುತ್ತೇವೆಯೇ?

ನಮ್ಮ ಮೆದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗವಿದೆ. ನೆನಪಿಗೂ ದಾರಿಯ ಅರಿವಿಗೂ ಅದು ಮುಖ್ಯವಾದುದು. ಲಂಡನ್ನಿನ ಟ್ಯಾಕ್ಸಿ ಚಾಲಕರು ಪರವಾನಗಿ ಪಡೆಯಲು ಸುಮಾರು 25,000 ಬೀದಿಗಳನ್ನು ಕಲಿಯಬೇಕು. ಹಲವು ವರ್ಷ ಕಲಿತು ತೇರ್ಗಡೆಯಾದವರಲ್ಲಿ ಈ ಭಾಗದ ಹಿಂಬದಿಯು ಬೆಳೆದಿತ್ತೆಂದೂ, ತೇರ್ಗಡೆಯಾಗದವರಲ್ಲಿ ಹಾಗಾಗಲಿಲ್ಲವೆಂದೂ 2011ರ ಅಧ್ಯಯನವೊಂದು ತೋರಿಸಿತು.

2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ವಿಜ್ಞಾನಿಗಳು 24 ಮಂದಿಯನ್ನು ಸೋಹೊ ಬಡಾವಣೆಯ ಬೀದಿಗಳಲ್ಲಿ ತೆರೆಯ ಮೇಲೆ ಸಂಚರಿಸುವಂತೆ ಮಾಡಿ, ಅವರ ಮೆದುಳನ್ನು ಸ್ಕ್ಯಾನ್ ಮಾಡಿದರು. ತಾವೇ ದಾರಿ ಹುಡುಕುತ್ತಾ ಹೊಸ ಬೀದಿಯನ್ನು ಹೊಕ್ಕಾಗ ಹಿಪೊಕ್ಯಾಂಪಸ್ ಚುರುಕಾಗುತ್ತಿತ್ತು. ಮುಂದೆ ಆಯ್ಕೆಗಳು ಹೆಚ್ಚಿದ್ದಷ್ಟೂ ಅದರ ಚಟುವಟಿಕೆ ಹೆಚ್ಚುತ್ತಿತ್ತು. ಯಂತ್ರದ ಸೂಚನೆಯಂತೆ ಸಾಗುವಾಗ ಆ ಸ್ಪಂದನ ಕಾಣಲಿಲ್ಲ.

ಹಾಗಾದರೆ ನೆರವನ್ನೇ ತೊರೆಯಬೇಕೇ? ಹಾಗಲ್ಲ. ರೋಗಿಯನ್ನು ಹೊತ್ತು ಧಾವಿಸುವ ಆಂಬುಲೆನ್ಸ್ ಚಾಲಕನಿಗೆ ಆ ಧ್ವನಿ ವರದಾನವೇ ಸರಿ. ಬರ್ಲಿನ್ನಿನ ಸಂಶೋಧಕರು 2017ರಲ್ಲೇ ಪ್ರಕಟಿಸಿದ ಪ್ರಯೋಗವೊಂದು ಮತ್ತೊಂದು ಬಾಗಿಲನ್ನು ತೆರೆಯಿತು. ಕಂಪ್ಯೂಟರಿನಲ್ಲಿ ರೂಪಿಸಿದ ನಗರದಲ್ಲಿ ವಾಹನ ನಡೆಸುವವರಿಗೆ ತಿರುವಿನ ಸೂಚನೆಯ ಜೊತೆಗೆ ಅಲ್ಲಿರುವ ಗುರುತನ್ನೂ ಅದರ ಕುರಿತ ವಿವರವನ್ನೂ ತಿಳಿಸಲಾಯಿತು. ಬರಿಯ ತಿರುವನ್ನಷ್ಟೇ ಕೇಳಿಸಿಕೊಂಡವರಿಗಿಂತ ಇವರು ಆ ಗುರುತುಗಳನ್ನು ಚೆನ್ನಾಗಿ ನೆನಪಿಟ್ಟುಕೊಂಡರು. ಅಂದರೆ, ಕೊರತೆಯಿರುವುದು ನೆರವಿನಲ್ಲಲ್ಲ, ನೆರವು ನೀಡುವ ರೀತಿಯಲ್ಲಿ.

ಮೆದುಳಿನ ಪ್ರಯೋಗಗಳು ನೀತಿಯನ್ನು ಬೋಧಿಸುವುದಿಲ್ಲ, ನಿಜ. ಆದರೂ ತಂದೆತಾಯಿಯರಾದ ತಮ್ಮ ಮುಂದೆ ಅವು ಒಂದು ಪ್ರಶ್ನೆಯನ್ನಿಡುತ್ತವೆ. ಯಾವ ಓದು, ಯಾವ ಉದ್ಯೋಗ, ಯಾರ ಗೆಳೆತನ – ಎಲ್ಲದಕ್ಕೂ ನಾವು ಮಕ್ಕಳಿಗೆ ತಿರುವುಗಳನ್ನಷ್ಟೇ ಹೇಳುತ್ತಿದ್ದೇವೆಯೇ? ವಿಧೇಯ ಮಗು ಅವುಗಳನ್ನು ಪಾಲಿಸೀತು. ಆದರೆ ನಮ್ಮ ದನಿ ನಿಂತ ದಿನ ಅದು ಯಾವ ಗುರುತನ್ನು ನೋಡಿ ನಡೆದೀತು? ಸತ್ಯವೇಕೆ ಬೇಕು, ಬಡವನ ಪಾಲನ್ನು ಕಸಿಯಬಾರದೇಕೆ ಎಂದು ಕಾರಣ ಸಹಿತ ತಿಳಿಸುವುದೇ ಗುರುತು ತೋರಿಸುವುದು. ಇದಕ್ಕೆ ತಾಳ್ಮೆ ಬೇಕು, ಧೈರ್ಯವೂ ಬೇಕು. ಗುರುತು ಬಲ್ಲ ಮಗು ನಾವು ಬಯಸದ ದಾರಿಯನ್ನೂ ಹಿಡಿಯಬಹುದು. ಅದನ್ನು ಸಹಿಸುವುದೂ ಪ್ರೀತಿಯ ಭಾಗವೇ.

ಮುಂದಿನ ಸಲ ನೆಂಟರ ಮನೆಗೆ ಹೊರಟಾಗ ಮೊಬೈಲನ್ನು ಬದಿಗಿಟ್ಟು, ದಾರಿ ಹೇಳುವ ಕೆಲಸವನ್ನು ಮಗುವಿಗೆ ವಹಿಸಿ ನೋಡಿ. ಹತ್ತು ನಿಮಿಷ ತಡವಾದರೆ ನಷ್ಟವೇನಿಲ್ಲ.